ರಂಗೋಲಿಯ ಕೆಳಗೆ ತೂರುವವರು

“ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ” ಎಂಬ ಗಾದೆಯನ್ನು ನಮ್ಮ ಜನ ಆಡುವಾಗ ಅದರಲ್ಲಿ ಗದರಿಕೆಯಷ್ಟೇ ಮೆಚ್ಚುಗೆಯೂ ಬೆರೆತಿರುತ್ತದೆ. ಚಾಪೆಗಾದರೋ ಒಂದಿಷ್ಟು ದಪ್ಪವುಂಟು. ಅದರಡಿ ಅಡಗಿದವನ ಮೈಯುಬ್ಬು ಕಣ್ಣಿಗೆ ಬಿದ್ದೇ ಬೀಳುತ್ತದೆ. ರಂಗೋಲಿಯೋ ನೆಲಕ್ಕಂಟಿದ ಪುಡಿಯ ಗೆರೆ. ಒಂದೆಳೆಯೂ ಕೆಡದಂತೆ ಅದರ ಕೆಳಗೆ ನುಸುಳಬಲ್ಲವನ ಚಾತುರ್ಯಕ್ಕೆ ಲೋಕ ಬೆರಗಾಗುವುದು ಸಹಜ. ತೆರಿಗೆಯ ವಿಚಾರದಲ್ಲಿ ವರಮಾನವನ್ನು ಮರೆಮಾಚಿ ಸುಳ್ಳು ಲೆಕ್ಕ ಬರೆಯುವವನು ಚಾಪೆಯ ಕೆಳಗಿನವನು. ಅವನಿಗೆ ದಂಡವುಂಟು, ಸೆರೆಮನೆಯೂ ಉಂಟು. ಕಾನೂನಿನ ಒಂದಕ್ಷರವನ್ನೂ ಮೀರದೆ, ಎಲ್ಲವನ್ನೂ ಬರೆದು ತೋರಿಸಿ, ಆದರೂ ತೆರಬೇಕಾದುದನ್ನು ತೆರದೆ ಪಾರಾಗುವವನು ರಂಗೋಲಿಯ ಕೆಳಗಿನವನು. ಗೆರೆ ಕೆಡಲಿಲ್ಲವಾದ್ದರಿಂದ ತಪ್ಪೂ ನಡೆಯಲಿಲ್ಲವೆಂಬುದು ಅವನ ವಾದ.

ಈ ವಾದಕ್ಕೆ ನ್ಯಾಯಪೀಠದ ಬೆಂಬಲ ದೊರೆತದ್ದು 1935ರಲ್ಲಿ, ಇಂಗ್ಲೆಂಡಿನಲ್ಲಿ. ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್ ಎಂಬ ಮಹಾಶ್ರೀಮಂತನು ತನ್ನ ತೋಟದ ಮಾಲಿಗೆ, ಏಳು ವರ್ಷಗಳ ಕಾಲ ವಾರವಾರವೂ ಇಂತಿಷ್ಟು ಹಣ ಸಲ್ಲಿಸುವುದಾಗಿ ಕರಾರುಪತ್ರ ಬರೆದುಕೊಟ್ಟಿದ್ದನು. ಮನೆಯಾಳಿನ ಕೂಲಿಯನ್ನು ವರಮಾನದಿಂದ ಕಳೆಯಲು ಆಗಿನ ಕಾನೂನು ಒಪ್ಪುತ್ತಿರಲಿಲ್ಲ. ಕರಾರಿನಂತೆ ಸಲ್ಲುವ ಹಣವನ್ನಾದರೆ ಕಳೆಯಬಹುದಾಗಿತ್ತು. ಮಾಲಿ ಎಂದಿನಂತೆಯೇ ಗಿಡಗಳಿಗೆ ನೀರೆರೆದನು; ಬದಲಾದದ್ದು ಕಾಗದವೊಂದೇ. ತನಗೆ ತಗಲುವ ತೆರಿಗೆ ಕಡಿಮೆಯಾಗುವಂತೆ ತನ್ನ ವ್ಯವಹಾರವನ್ನು ಅಣಿಗೊಳಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ಲಾರ್ಡ್ ಟಾಮ್ಲಿನ್ ಸಾರಿದರು. ಲಾರ್ಡ್ ಆಟ್ಕಿನ್ ಒಬ್ಬರೇ ಭಿನ್ನಮತ ಬರೆದರು. ಹಕ್ಕಿನ ಮಾತನ್ನು ನಾನೂ ಅಲ್ಲಗಳೆಯಲಾರೆ. ಆದರೆ ಹಕ್ಕುಂಟೆಂದ ಮಾತ್ರಕ್ಕೆ ಅದನ್ನು ಚಲಾಯಿಸುವುದು ಉಚಿತವೆಂದಾಗದು; ನ್ಯಾಯಾಧೀಶರು ಉತ್ತರಿಸಿದ್ದು ಮೊದಲನೆಯ ಪ್ರಶ್ನೆಗೆ, ಸಮಾಧಾನಪಟ್ಟವರು ಎರಡನೆಯದಕ್ಕೂ ಉತ್ತರ ಸಿಕ್ಕಿತೆಂದುಕೊಂಡರು.

ಐವತ್ತು ವರ್ಷಗಳ ತರುವಾಯ, 1985ರಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯದ ಐವರ ಪೀಠದ ಮುಂದೆ ಮದ್ಯ ತಯಾರಿಸುವ ಮ್ಯಾಕ್‌ಡೊವೆಲ್ ಕಂಪೆನಿಯ ಮೊಕದ್ದಮೆ ಬಂದಿತು. ಆಂಧ್ರಪ್ರದೇಶದಲ್ಲಿ ಮದ್ಯವನ್ನು ಕೊಳ್ಳುವವರೇ ಅಬಕಾರಿ ಸುಂಕವನ್ನು ನೇರವಾಗಿ ಖಜಾನೆಗೆ ಕಟ್ಟುತ್ತಿದ್ದರು. ಸುಂಕವು ತಯಾರಕರ ಬಿಲ್ಲಿನಲ್ಲಿ ಕಾಣಿಸುತ್ತಿರಲಿಲ್ಲ. ಕಾಣಿಸದ ಮೊತ್ತದ ಮೇಲೆ ಮಾರಾಟ ತೆರಿಗೆ ಹೇಗೆ ಬಿದ್ದೀತು ಎಂಬುದು ಕಂಪೆನಿಯ ವಾದವಾಗಿತ್ತು. ನ್ಯಾಯಾಲಯ ಅದನ್ನೊಪ್ಪಲಿಲ್ಲ. ಆ ಸಂದರ್ಭದಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಪ್ರತ್ಯೇಕವಾಗಿ ಬರೆದ ಅಭಿಪ್ರಾಯದಲ್ಲಿ, ತೆರಿಗೆ ತಪ್ಪಿಸಿಕೊಳ್ಳುವಿಕೆಯ ಕೇಡುಗಳನ್ನು ಎಣಿಸುತ್ತ, ಚತುರರು ತಮ್ಮ ಹೊರೆಯನ್ನು ನಿಷ್ಕಪಟಿಗಳ ಹೆಗಲಿಗೆ ಜಾರಿಸುತ್ತಾರೆಂಬುದನ್ನು ಎತ್ತಿ ಹೇಳಿದರು. ಈ ಒಂದು ಮಾತಿನಲ್ಲಿ ನಮ್ಮ ಗಾದೆಯ ಕೊರತೆಯೇ ಬಯಲಾಗುತ್ತದೆ.

ಏಕೆಂದರೆ ಗಾದೆಯಲ್ಲಿರುವವರು ಇಬ್ಬರೇ: ನೀನು ಮತ್ತು ನಾನು, ಎಂದರೆ ಹಿಡಿಯುವ ಸರ್ಕಾರ ಮತ್ತು ನುಸುಳುವ ಜಾಣ. ಇಬ್ಬರ ಪಂದ್ಯವೆಂದು ಬಗೆದಾಗಲೇ ಗೆದ್ದವನಿಗೆ ಚಪ್ಪಾಳೆ ಸಲ್ಲುವುದು. ವಾಸ್ತವದಲ್ಲಾದರೋ ಮೂರನೆಯವನೊಬ್ಬನಿದ್ದಾನೆ. ಸಂಬಳ ಕೈಸೇರುವ ಮೊದಲೇ ತೆರಿಗೆ ಕಡಿತವಾಗುವ ಶಾಲಾ ಶಿಕ್ಷಕಿ, ಸಾಬೂನು ಕೊಂಡಾಗಲೂ ತೆರಿಗೆ ಸೇರಿದ ಬೆಲೆಯನ್ನೇ ಕೊಡುವ ಗಾರೆ ಕೆಲಸದವನು, ಇವರಿಗೆ ತೂರಲು ಚಾಪೆಯೂ ಇಲ್ಲ, ರಂಗೋಲಿಯೂ ಇಲ್ಲ. ಜಾಣನು ಉಳಿಸಿದ ಹಣದಿಂದ ಆಸ್ಪತ್ರೆಯ ಖರ್ಚೇನೂ ತಗ್ಗುವುದಿಲ್ಲ. ಅದು ಸುತ್ತಿ ಬಳಸಿ ಇವರಿಂದಲೇ ವಸೂಲಾಗುತ್ತದೆ, ಇಲ್ಲವೇ ಆಸ್ಪತ್ರೆಯ ಔಷಧದ ಕಪಾಟು ಬರಿದಾಗುತ್ತದೆ. ನುಸುಳುವವರನ್ನು ತಡೆಯಲೆಂದು ಸರ್ಕಾರ ಗೆರೆಯ ಪಕ್ಕದಲ್ಲಿ ಗೆರೆ ಎಳೆಯುತ್ತ ಹೋಯಿತು. 298 ವಿಧಿಗಳಿಂದ ಹೊರಟ 1961ರ ಆದಾಯ ತೆರಿಗೆ ಕಾಯಿದೆ ಆ ಬಗೆಯ ತಿದ್ದುಪಡಿಗಳಿಂದಲೂ ಉಬ್ಬಿ, ಪ್ರಾಮಾಣಿಕನಾದವನೂ ಆಡಿಟರ ನೆರವಿಲ್ಲದೆ ಓದಲಾರದಂತಾಯಿತು.

ಹಾಗೆಂದು ತೆರಿಗೆ ಉಳಿಸುವ ಪ್ರತಿಯೊಬ್ಬನನ್ನೂ ದೂರುವುದು ಅನ್ಯಾಯ. ಭವಿಷ್ಯನಿಧಿಗೆ ಹಣ ಕಟ್ಟಿ ರಿಯಾಯಿತಿ ಪಡೆಯುವವನು ನುಸುಳುಕೋರನಲ್ಲ. ಪ್ರಜೆಗಳು ವೃದ್ಧಾಪ್ಯಕ್ಕೆ ಉಳಿಸಲೆಂದೇ ಶಾಸನವು ತೆರೆದಿಟ್ಟ ಬಾಗಿಲನ್ನು ಅವನು ಹಗಲಿನಲ್ಲೇ ದಾಟಿದ್ದಾನೆ. ತಂದೆಯ ಮನೆಯಲ್ಲಿದ್ದು ನಿಜವಾಗಿಯೂ ಬಾಡಿಗೆ ಕೊಟ್ಟು, ತಂದೆಯೂ ಅದನ್ನು ತನ್ನ ವರಮಾನದಲ್ಲಿ ತೋರಿಸಿದರೆ ಅಲ್ಲಿಯೂ ದೋಷವಿಲ್ಲ. ತೆರಿಗೆಯೊಂದನ್ನು ಬಿಟ್ಟರೆ ಬೇರೆ ಯಾವ ಅರ್ಥವೂ ಇಲ್ಲದ ಏರ್ಪಾಡಿಗೆ, ಡ್ಯೂಕನ ಕರಾರಿನಂಥ ಟೊಳ್ಳು ಕಾಗದಕ್ಕೆ, ನನ್ನ ಆಕ್ಷೇಪಣೆ. ಸರ್ಕಾರವೇ ನೀತಿಗೆಟ್ಟಾಗ ಏನು ಮಾಡಬೇಕೆಂದು ಕೇಳುವವರಿಗೂ ಉತ್ತರ ಹೇಳಬೇಕು. 1973-74ರಲ್ಲಿ ಈ ದೇಶದಲ್ಲಿ ಆದಾಯ ತೆರಿಗೆಯ ಅತ್ಯುಚ್ಚ ದರ ಮೇಲ್ತೆರಿಗೆಯೂ ಸೇರಿ ಶೇಕಡಾ 97.75 ಆಗಿತ್ತು; ಮೇಲಿನ ಹಂತದ ನೂರು ರೂಪಾಯಿ ಗಳಿಕೆಯಲ್ಲಿ ಎರಡೂಕಾಲು ರೂಪಾಯಿ ಮಾತ್ರ ಗಳಿಸಿದವನಿಗೆ ಉಳಿಯುತ್ತಿತ್ತು. ಅಂಥ ಶಾಸನವು ಜನರನ್ನು ತಾನೇ ರಂಗೋಲಿಯ ಕೆಳಕ್ಕೆ ನೂಕಿತೆಂಬುದು ದಿಟ, ಆ ಪಾಪದಲ್ಲಿ ಸರ್ಕಾರಕ್ಕೆ ದೊಡ್ಡ ಪಾಲಿದೆ. ಆದರೆ ಆ ದರ ಇಳಿದು ದಶಕಗಳೇ ಕಳೆದುವು. ನುಸುಳುವ ವಿದ್ಯೆ ಮಾತ್ರ ಇನ್ನೂ ನಯವಾಗಿದೆ.

ನ್ಯಾಯಾಲಯಗಳೂ ಒಂದೇ ದಿಕ್ಕಿಗೆ ನಡೆದಿಲ್ಲ. ಮಾರಿಷಸ್ ದ್ವೀಪದ ಮೂಲಕ ಬಂದ ಬಂಡವಾಳದ ಪ್ರಕರಣದಲ್ಲಿ, 2003ರಲ್ಲಿ, ಸರ್ವೋಚ್ಚ ನ್ಯಾಯಾಲಯವೇ ಡ್ಯೂಕನ ಪಕ್ಷದ ತತ್ವಕ್ಕೆ ಮರಳಿ ಮನ್ನಣೆಯಿತ್ತಿತು. ಕೊನೆಗೆ 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸಾಮಾನ್ಯ ನಿಯಮವೊಂದು, ಏರ್ಪಾಡಿನ ಮುಖ್ಯ ಉದ್ದೇಶ ತೆರಿಗೆಯ ಲಾಭವೇ ಆಗಿದ್ದು ಅದರಲ್ಲಿ ವ್ಯವಹಾರದ ತಿರುಳೇ ಇಲ್ಲದಿದ್ದರೆ, ಅದನ್ನು ತಳ್ಳಿಹಾಕುವ ಅಧಿಕಾರವನ್ನು ತೆರಿಗೆಯವರಿಗೆ ಕೊಟ್ಟಿತು. ಆದರೆ ಲಾಭವು ಮೂರು ಕೋಟಿ ರೂಪಾಯಿಗಳನ್ನು ಮೀರದಿದ್ದರೆ ಆ ನಿಯಮ ಅನ್ವಯಿಸದು. ನಮ್ಮಲ್ಲಿ ಬಹುಪಾಲು ಜನರ ವ್ಯವಹಾರ ಈ ಮಿತಿಯ ಕೆಳಗೇ ಉಳಿಯುತ್ತದೆ. ಆದಕಾರಣ ಮಾರ್ಚಿ ತಿಂಗಳಿನಲ್ಲಿ ಆಡಿಟರ ಮೇಜಿನ ಮುಂದೆ ಕುಳಿತು, ತೆರಿಗೆಯ ಮಾತೇ ಇಲ್ಲದಿದ್ದರೂ ಈ ಪತ್ರಕ್ಕೆ ಸಹಿ ಹಾಕುತ್ತಿದ್ದೆನೇ ಎಂಬ ಪ್ರಶ್ನೆಯನ್ನು, ಯಾವ ಅಧಿಕಾರಿಯೂ ಕೇಳದಿರುವಲ್ಲಿ, ಸಹಿ ಹಾಕುವವನೇ ಕೇಳಿಕೊಳ್ಳಬೇಕಾಗಿದೆ.