ಯಾರ ಮಗು ಅಳೆದ ಬಾವಿ

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಕಿರಿಯ ಗೆಳೆಯನ ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಡಯಾಬಿಟಿಸ್ ಎಂದು ಗೊತ್ತಾಗಿ ಇನ್ನೂ ತಿಂಗಳಾಗಿರಲಿಲ್ಲ. ದಿನಕ್ಕೆ ನಾಲ್ಕು ಇಂಜೆಕ್ಷನ್, ನಡುರಾತ್ರಿ ಎದ್ದು ಬೆರಳು ಚುಚ್ಚಿ ಸಕ್ಕರೆ ನೋಡುವುದು. ಹೊಸ ಔಷಧಗಳ ಪ್ರಯೋಗದ ಸುದ್ದಿಯನ್ನು ಎಲ್ಲೋ ಓದಿಕೊಂಡು ಬಂದವನು ಕೇಳಿದ: "ಇಂಥದ್ದು ನಮ್ಮ ಕಡೆ ನಡೆದ್ರೆ ಸೇರಿಸ್ಬೋದಾ ಅಣ್ಣಾ? ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ?" ಅವನ ತಾಯಿ ಒಳಗಿನಿಂದಲೇ ಅಂದರು: "ಕಂಡೋರ ಮಕ್ಕಳ್ನ ಬಾವಿಗೆ ತಳ್ಳಿ ಆಳ ನೋಡೋ ಕೆಲ್ಸ ಅದು."

ಆ ಮಾತನ್ನು ಅಜ್ಜಿಯ ಅಜ್ಞಾನ ಎಂದು ತಳ್ಳಿಹಾಕಲಾರೆ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ ಬಾಲಕಿಯರ ಮೇಲೆ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಅಪ್ಪ ಅಮ್ಮಂದಿರಲ್ಲ, ಹಾಸ್ಟೆಲ್ ವಾರ್ಡನ್‌ಗಳು.

ಆದರೆ ಮೊಮ್ಮಗಳನ್ನು ಈಗ ಉಳಿಸಿರುವ ಇನ್ಸುಲಿನ್ ಎಲ್ಲಿಂದ ಬಂತು? 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಇಂಜೆಕ್ಷನ್ ಫಲಿಸಲಿಲ್ಲ, ಮದ್ದು ಅಷ್ಟು ಶುದ್ಧವಾಗಿರಲಿಲ್ಲ. ಹನ್ನೆರಡು ದಿನ ಬಿಟ್ಟು ಕೊಟ್ಟದ್ದು ಫಲಿಸಿತು. ಅಂದು ಆಳ ನೋಡಿದ್ದೂ ಒಂದು ಮಗುವೇ. ಆದರೆ ಅವನು ಸಾವಿನ ದಡದಲ್ಲಿದ್ದ, ಹೆತ್ತವರಿಗೆ ಬೇರೆ ದಾರಿಯಿರಲಿಲ್ಲ. ನಮ್ಮ ಹುಡುಗಿಗೆ ದಾರಿಯಿದೆ. ಪ್ರಶ್ನೆ ಕಷ್ಟವಾಗುವುದು ಅಲ್ಲೇ.

ಟೆಪ್ಲಿಜುಮ್ಯಾಬ್ ಎಂಬ ಔಷಧದ ಪ್ರಯೋಗವನ್ನೇ ನೋಡಿ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಕಣಗಳೇ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಲ್ಲುತ್ತವೆ. ಉಳಿದಷ್ಟನ್ನು ಕಾಪಾಡುವುದು ಉದ್ದೇಶವಾದ್ದರಿಂದ ಕಾಯಿಲೆ ಗೊತ್ತಾದ ಆರು ವಾರದೊಳಗೆ ಸೇರಬೇಕಿತ್ತು. 8ರಿಂದ 17 ವಯಸ್ಸಿನ 328 ಮಕ್ಕಳು. 217 ಮಂದಿಗೆ ಔಷಧ, 111 ಮಂದಿಗೆ ಔಷಧವಿಲ್ಲದ ಬರೀ ಡ್ರಿಪ್. ಹನ್ನೆರಡು ದಿನ ಸತತ ಡ್ರಿಪ್, ಆರು ತಿಂಗಳ ಮೇಲೆ ಮತ್ತೆ ಹನ್ನೆರಡು ದಿನ. 2023ರಲ್ಲಿ ಫಲಿತಾಂಶ ಬಂತು: ಔಷಧ ಪಡೆದವರಲ್ಲಿ ಸ್ವಂತ ಇನ್ಸುಲಿನ್ ಹೆಚ್ಚು ಉಳಿದಿತ್ತು. ಆದರೆ ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ ಪ್ರಮಾಣದಲ್ಲಾಗಲಿ, ಮೂರು ತಿಂಗಳ ಸಕ್ಕರೆಯ ಸರಾಸರಿಯಲ್ಲಾಗಲಿ ಖಚಿತವೆನ್ನುವ ವ್ಯತ್ಯಾಸ ಕಾಣಲಿಲ್ಲ.

ಆರು ವಾರ! ಹೆತ್ತವರ ಬುದ್ಧಿ ಸ್ಥಿಮಿತಕ್ಕೆ ಬರಲೂ ಸಾಲದ ಕಾಲ. ಗೆಳೆಯ ಅದನ್ನು ಚಿಕಿತ್ಸೆ ಎಂದುಕೊಂಡಿದ್ದ. ಪ್ರಯೋಗ ಚಿಕಿತ್ಸೆಯಲ್ಲ, ಒಂದು ಪ್ರಶ್ನೆ. ಉತ್ತರದ ಲಾಭ ಬಹುಪಾಲು ಮುಂದೆ ಹುಟ್ಟುವವರಿಗೆ. ಲೋಕದ ಒಳಿತಿಗೆ ನನ್ನ ತೋಳು ಕೊಡಬಲ್ಲೆ. ಮಗಳ ತೋಳು ನನ್ನದೇ? ಹಾಗೆಂದು ಎಲ್ಲರೂ ಒಲ್ಲೆ ಎಂದರೆ, ಬರುವ ಔಷಧವನ್ನು ನಾಚಿಕೆಯಿಲ್ಲದೆ ಪಡೆಯುವವರೂ ನಾವೇ.

ಐಸಿಎಂಆರ್‌ನ 2017ರ ಮಾರ್ಗಸೂಚಿ ಏಳು ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆಯನ್ನೂ ಕೇಳುತ್ತದೆ. ಒಳ್ಳೆಯದು, ಆದರೆ ಅಪ್ಪನ ಮುಖ ನೋಡಿ ಹೂಂ ಅನ್ನುವ ವಯಸ್ಸು ಅದು. ಅದಕ್ಕೇ ನನಗೆ ಅವಳ ಹೂಂಗಿಂತ ಊಹೂಂ ದೊಡ್ಡದು. ಅವಳು ಸಾಕು ಅಂದ ದಿನ ನಿಲ್ಲಿಸುವ ಧೈರ್ಯವಿದ್ದರೆ ಸೇರಿಸುತ್ತಿದ್ದೆ ಎಂದೆ. ಸ್ಟ್ರಿಪ್ಪು, ಇನ್ಸುಲಿನ್ ಪುಕ್ಕಟೆ ಸಿಗುತ್ತದೆ ಎಂಬುದೇ ಕಾರಣವಾದರೆ ಬೇಡ ಎಂದೂ ಹೇಳಿದೆ. ಹೇಳುವುದು ಸುಲಭ, ಸ್ಟ್ರಿಪ್ಪಿಗೆ ದುಡ್ಡು ಹೊಂದಿಸುವವನು ನಾನಲ್ಲ.

"ಅವಳನ್ನ ಕೇಳಿದ್ಯಾ?"

"ಇನ್ನೂ ಇಲ್ಲ ಅಣ್ಣಾ. ಎಷ್ಟು ಸೂಜಿ ಅಂತ ಮೊದ್ಲು ಕೇಳ್ತಾಳೆ."