ಯೋನಾತಾನನ ಮಗನು

ಯೋನಾತಾನನು ಯುದ್ಧದಲ್ಲಿ ಮಡಿದ ವರ್ತಮಾನವು ಇಜ್ರೇಲಿನಿಂದ ಬಂದಾಗ ಅವನ ಮಗನಾದ ಮೆಫೀಬೋಶೆತನು ಐದು ವರುಷದವನು. ದಾದಿಯು ಅವನನ್ನೆತ್ತಿಕೊಂಡು ಅವಸರದಿಂದ ಓಡುವಲ್ಲಿ ಅವನು ಬಿದ್ದು ಕುಂಟನಾದನು (2 ಸಮುವೇಲ 4:4). ಶತ್ರುವಿನ ಕತ್ತಿಯು ಅವನನ್ನು ಮುಟ್ಟಲಿಲ್ಲ. ಮನೆಯವರ ಭಯವೇ ಅವನನ್ನು ಕೆಡವಿತು.

2021ನೆಯ ಜನವರಿಯಲ್ಲಿ ಭದ್ರಾವತಿಯಲ್ಲಿ ಕ್ಷಿಪ್ರ ಕಾರ್ಯ ಪಡೆಯ ನೆಲೆಗೆ ಅಸ್ತಿವಾರ ಹಾಕಲ್ಪಟ್ಟಿತು. ಗಡಿಯಲ್ಲಿ ದುಡಿಯುವ ತಂದೆಗಳ ಮಕ್ಕಳು ಶಿವಮೊಗ್ಗೆಯಲ್ಲಿಯೂ ಉಂಟು. ಇಂಥ ಕೂಸು ರಾತ್ರಿ ಬೆಚ್ಚಿ ಎದ್ದರೆ, ಸಿಪಾಯಿಯ ಮಗನು ಅಳಬಾರದೆಂದು ಗದರಿಸುವವರಿದ್ದಾರೆ. ಇದು ಸರಿಯಲ್ಲ. ತಾಯಂದಿರೇ, ತಂದೆಯ ಸುದ್ದಿಯನ್ನು ಮುಚ್ಚಿಡದೆ ಮಗುವಿಗೆ ತಕ್ಕಷ್ಟು ಹೇಳಿರಿ. ಊಟದ, ಪಾಠದ, ಸಂಜೆಯ ಪ್ರಾರ್ಥನೆಯ ಹೊತ್ತು ತಪ್ಪಿಸಬೇಡಿರಿ. ದುಃಖವು ವಾರಗಟ್ಟಲೆ ಬಿಡದಿದ್ದರೆ ವೈದ್ಯರಿಗೆ ತೋರಿಸುವದು ಅವಿಶ್ವಾಸವಲ್ಲ.

ದಾವೀದನು ಲೋದೆಬಾರಿನಿಂದ ಆ ಕುಂಟನನ್ನು ಕರಿಸಿ ನಿತ್ಯವೂ ತನ್ನ ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡನು. ಕಾಲುಗಳೇನೋ ನೆಟ್ಟಗಾಗಲಿಲ್ಲ. ಈ ಭಾನುವಾರ ಆರಾಧನೆಯ ತರುವಾಯ ಅಂಥ ಮಗುವೊಂದನ್ನು ನಿಮ್ಮ ಮನೆಯ ಊಟಕ್ಕೆ ಕರೆಯಿರಿ.