ಮೊಳ ಹಾಕಬೇಕಾದವರು ಯಾರು?

ಧರ್ಮಕ್ಕ ದಟ್ಟಿ ಕೊಟ್ಟರ ಹಿತ್ತಲಕ್ಕ ಹೋಗಿ ಮೊಳ ಹಾಕಿದರಂತ ಅನ್ನೋ ಗಾದೆ ಎಲ್ಲರಿಗೂ ಗೊತ್ತದ. ಪುಕ್ಕಟೆ ಬಂದ ಬಟ್ಟೆಯನ್ನು ಕದ್ದು ಅಳೆಯುವವನ ಸಣ್ಣತನವನ್ನು ಕಂಡು ಹಿರಿಯರು ನಕ್ಕ ಮಾತು ಇದು. ಮಾತು ಖರೇನೆ. ಆದರ ಇದು ತೊಗೊಂಡವನಿಗೆ ಹೇಳಿದ ಬುದ್ಧಿ. ಕೊಡುವವನು ಕೊಡೋದಕ್ಕಿಂತ ಮೊದಲು ಮೊಳ ಹಾಕಬೇಕೋ ಬ್ಯಾಡೋ ಅನ್ನೋದನ್ನ ಗಾದೆ ಹೇಳಿಲ್ಲ. ಆ ಉಳಿದ ಮಾತನ್ನೇ ಇಲ್ಲಿ ವಿಚಾರ ಮಾಡೋಣ.

ಈ ವಿಚಾರ ಹುಟ್ಟಿದ್ದು ಒಂದು ಪೆಟ್ಟಿಗೆಯಿಂದ. ನಮ್ಮ ಜತ್ತ ಕಡೆ ಹಳ್ಳಿಗಳಿಂದ ಪುಣೆ, ಮುಂಬೈಗೆ ನೌಕರಿಗೆ ಹೋದ ಹುಡುಗರು ಹಬ್ಬಕ್ಕ ಊರಿಗೆ ಬಂದಾಗ ಮೊಬೈಲಿನಾಗ ಒಂದು ಚಿತ್ರ ತೋರಿಸಿ ಕೇಳತಾರ: "ಕಾಕಾ, ಮಾವಗ ಅರವತ್ತು ತುಂಬತಾವ. ಇದನ್ನ ಕೊಟ್ಟರ ಹೆಂಗ ಆಗತದ?" ಅಂಥದೊಂದು ಪೆಟ್ಟಿಗೆಯನ್ನು ನಾನು ಕೈಯಾಗ ಹಿಡಿದೂ ನೋಡೇನಿ. ಕರೀ ಕಟ್ಟಿಗೆಯ ಪೆಟ್ಟಿಗೆ, ಒಳಗ ಮಖಮಲ್ಲು. ಅದರಾಗ ಎರಡು ಸಿಗಾರ, ಅದರ ತುದಿ ಕತ್ತರಿಸೋ ಸಣ್ಣ ಕತ್ತರಿ, ಒಂದು ಲೈಟರ್, ಒಂದು ಮಡಚುವ ಚಾಕು. ಮುಚ್ಚಳದ ಮೇಲೆ ಹುಲಿ ಮುಖ. ಬೆಲೆ ಒಂದು ಚೀಲ ಡಿಎಪಿ ಗೊಬ್ಬರಕ್ಕಿಂತ ಹೆಚ್ಚು. ಗಂಡಸರಿಗೆ ಕೊಡೋ ಗಿಫ್ಟ್ ಸೆಟ್ ಅಂತ ಇದಕ್ಕ ಹೆಸರು.

ಬ್ಯಾಡ ಅಂತ ಒಂದೇ ಮಾತಿನಾಗ ಹೇಳಿದರ ಮುದುಕನ ಹಟ ಅಂದಾರು. ಅದಕ್ಕ ಒಂದೊಂದೇ ವಸ್ತು ತೆಗೆದು ನೋಡೋಣ.

ಮೊದಲು ಚಾಕು. ಚಾಕುವಿನ ಗುಣ ಉಕ್ಕಿನಾಗ, ಹದದಾಗ, ಹಿಡಿಯಾಗ ಇರತದ. ಲಾರಿಯ ಹಳೇ ಕಮಾನ್ ಪಾಟಾ ಕಾಸಿ, ಬಡಿದು, ಕೆಂಪಗೆ ಇದ್ದಾಗ ನೀರಿಗೆ ಅದ್ದಿ ಕಂಬಾರ ಕುಡಗೋಲು ಮಾಡತಾನ. ಹದ ಹೆಚ್ಚಾದರ ಬಾಯಿ ಮುರೀತದ, ಕಡಿಮೆ ಆದರ ಬಾಯಿ ಮಡಚತದ. ಅವನ ಕುಡಗೋಲು ಒಂದು ಸುಗ್ಗಿ ಜೋಳ ಕೊಯ್ದರ ಸಾಣೆ ಹಿಡಿದು ಮತ್ತೊಂದು ಸುಗ್ಗಿಗೆ ತಯಾರು. ನಾನು ನೋಡಿದ ಪೆಟ್ಟಿಗೆಯ ಚಾಕುವಿನಿಂದ ಒಂದು ಸುತಳಿ ಹುರಿ ಕೊಯ್ಯಲಿಕ್ಕೆ ಮೂರು ಸಲ ಎಳೀಬೇಕಾತು. ತೆರೆದ ಅಲಗನ್ನು ಗಟ್ಟಿಯಾಗಿ ನಿಲ್ಲಿಸೋ ಕೀಲು ಅದಕ್ಕಿಲ್ಲ. ಜೋರು ಹಾಕಿದರ ಬೆರಳಿನ ಮೇಲೇ ಮಡಚತದ. ಹಿಡಿ ಮೇಲಿನ ಚಿತ್ರಕ್ಕ ಪಟ್ಟ ಶ್ರಮ ಬಾಯಿಗೆ ಪಟ್ಟಿಲ್ಲ.

ಇನ್ನು ಸಿಗಾರ. ಅದರಾಗ ಬೀಡಿಯಂಗ ಬ್ಯಾರೆ ಗಿಡದ ಎಲೆ ಇಲ್ಲ, ಸಿಗರೇಟಿನಂಗ ಕಾಗದ ಇಲ್ಲ. ತಂಬಾಕಿನ ಎಲೆಯನ್ನೇ ತಂಬಾಕಿನ ಎಲೆಯೊಳಗ ಸುತ್ತತಾರ. ತಮಿಳುನಾಡಿನ ತಿರುಚಿನಾಪಳ್ಳಿ ಚುಟ್ಟಾ ಇದರ ಜಾತಿಯದೇ. ಅದನ್ನು ಕೆಡದಂಗ ಇಡಬೇಕಾದರ ಗಾಳಿಯೊಳಗ ನೂರಕ್ಕ 65ರಿಂದ 70ರಷ್ಟು ತೇವ ಇರಬೇಕು. ನಮ್ಮ ಬರಗಾಲದ ಸೀಮೆಯ ಏಪ್ರಿಲ್ ಬಿಸಿಲಿನಾಗ ಅದು ಒಣಗಿ, ಮುಟ್ಟಿದರ ಪುಡಿ ಆಗತದ. ಅಂದರ ಈ ಸಿಗಾರ ಕಪಾಟಿನಾಗ ಇಟ್ಟು ನೋಡಲಿಕ್ಕೆ ಅಷ್ಟೆ. ಹಚ್ಚಿದರೋ, ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿಗೆ, ಗಂಟಲಿಗೆ ಕ್ಯಾನ್ಸರ್ ತರತದ. ಹಾಡುವವನಿಗೆ ಗಂಟಲೇ ಹೊಲ, ಗಂಟಲೇ ಬೆಳೆ. ಅದಕ್ಕ ಈ ಮಾತನ್ನು ನಾನು ಸ್ವಲ್ಪ ಗಟ್ಟಿಯಾಗೇ ಹೇಳತೇನಿ. 2003ರ ಕಾಯ್ದೆ ಪ್ರಕಾರ 18 ವರ್ಷದೊಳಗಿನವರಿಗೆ ತಂಬಾಕು ಮಾರೋಹಂಗಿಲ್ಲ, ಪೊಟ್ಟಣದ ಮೇಲೆ ರೋಗದ ಎಚ್ಚರಿಕೆ ಇರಬೇಕು. ನಾನು ನೋಡಿದ ಪೆಟ್ಟಿಗೆ ಮೇಲೆ ಹುಲಿ ಇತ್ತು, ಆ ಎಚ್ಚರಿಕೆ ಇರಲಿಲ್ಲ.

ತಂಬಾಕು ಅಂದ ಕೂಡಲೆ ಮೂಗು ಮುರಿಯೋದೂ ಸರಿ ಅಲ್ಲ. ನಿಪ್ಪಾಣಿ ಸೀಮೆಯ ಎಷ್ಟೋ ಒಕ್ಕಲು ಮನೆಗಳು ಅದರ ಮೇಲೆ ನಿಂತಾವ. ಸೊಲ್ಲಾಪುರದಾಗ ಸಾವಿರಾರು ಹೆಣ್ಣುಮಕ್ಕಳು ದಿನವೆಲ್ಲ ಬೀಡಿ ಕಟ್ಟಿ ಮಕ್ಕಳನ್ನು ಓದಿಸ್ಯಾರ. ಊರ ಹೊರಗ ಕುಂಭಾರಿ ಹತ್ತಿರ ಅವರಿಗಾಗಿ 10,000 ಮನೆಗಳ ದೊಡ್ಡ ವಸತಿಯೇ ಎದ್ದದ. ಅವರ ದುಡಿಮೆಗೆ ನನ್ನ ಕೈಮುಗಿತ ಅದ. ಆದರ ದುಡಿಯುವವರ ಮರ್ಯಾದೆ ಬ್ಯಾರೆ, ಸುಡುವ ವಸ್ತುವನ್ನು ಮಾನದ ಕಾಣಿಕೆ ಅಂತ ಕೊಡೋದು ಬ್ಯಾರೆ.

ಇಂಥ ಸೆಟ್ಟು ಇವತ್ತಿನ ಅಂಗಡಿಯವರು ಕಂಡು ಹಿಡಿದದ್ದಲ್ಲ. ನಮ್ಮ ಪಕ್ಕದ ವಿಜಾಪುರದಿಂದಲೇ ಒಂದು ಹೋಗಿತ್ತು. ಎರಡನೆಯ ಇಬ್ರಾಹಿಂ ಆದಿಲಶಾಹಿ ಕಾಲಕ್ಕ ಅಕ್ಬರ ಬಾದಶಹನ ಕಡೆಯಿಂದ ಅಸದ್ ಬೇಗ ಅನ್ನೋ ರಾಯಭಾರಿ ವಿಜಾಪುರಕ್ಕ ಬಂದಿದ್ದ. ಅಲ್ಲಿ ತಂಬಾಕು ಕಂಡ. ತಾನು ಎಲ್ಲೂ ನೋಡದ ವಸ್ತು ಅಂತ ಸಂಗಡ ಒಯ್ದ. ರತ್ನ ಕೂರಿಸಿದ ಉದ್ದನ್ನ ಕೊಳವೆ, ಬಂಗಾರದ ಚಿಲುಮೆ ಮಾಡಿಸಿದ. ಸುಲ್ತಾನ ಕೊಟ್ಟಿದ್ದ ಸುಂದರ ಎಲೆಯಡಿಕೆ ಚೀಲದಾಗ ತಂಬಾಕು ತುಂಬಿದ. ಎಲ್ಲ ತಾಟಿನಾಗ ಜೋಡಿಸಿ ಬಾದಶಹನ ಮುಂದ ಇಟ್ಟ. ಅಕ್ಬರ ತೀರಿಕೊಂಡದ್ದು 1605ರಲ್ಲಿ. ಅದಕ್ಕ ಸ್ವಲ್ಪ ಮುಂಚಿನ ಮಾತು ಇದು. ಬಾದಶಹ ಒಂದೆರಡು ಸಲ ಎಳೆದ. ವೈದ್ಯ, ಇದರ ಗುಣ ನಮಗ ಗೊತ್ತಿಲ್ಲ, ಬ್ಯಾಡ ಅಂದ. ಬಾದಶಹ ರೂಢಿ ಮಾಡಿಕೊಳ್ಳಲಿಲ್ಲ. ಆದರ ನೋಡುತ್ತ ನಿಂತಿದ್ದ ಸರದಾರರೆಲ್ಲ ನಮಗೂ ಬೇಕು ಅಂದರು. ವ್ಯಾಪಾರಿಗಳು ತರಿಸಿ ಮಾರಲಿಕ್ಕೆ ಹತ್ತಿದರು. 1617ರಲ್ಲಿ ಅಕ್ಬರನ ಮಗ ಜಹಾಂಗೀರ ತಂಬಾಕು ಸೇದಬಾರದು ಅಂತ ಹುಕುಂ ಹೊರಡಿಸಬೇಕಾತು.

ಈ ಕಥಿಯೊಳಗ ನನಗ ಕಾಣೋದು ಇಷ್ಟು. ಉಡುಗೊರೆಯನ್ನು ಒಬ್ಬನಿಗೆ ಕೊಟ್ಟೆ ಅಂತ ನಾವು ತಿಳಕೊಂಡಿರತೀವಿ. ಖರೆ ಹೇಳಬೇಕಂದರ ಸುತ್ತ ನಿಂತು ನೋಡುವವರಿಗೂ ಕೊಟ್ಟಿರತೀವಿ. ಮಾವ ಸಿಗಾರ ಸೇದಲಿಕ್ಕಿಲ್ಲ. ಆದರ ಮಖಮಲ್ಲಿನ ಮೇಲೆ ಮಲಗಿಸಿಟ್ಟ ತಂಬಾಕನ್ನು ಮನೆಯ ಹತ್ತು ವರ್ಷದ ಹುಡುಗ ನೋಡತಾನ. ಗಂಡಸುತನ ಅಂದರ ಇದು ಅಂತ ಅವನಿಗೆ ಯಾರೂ ಹೇಳದೇನೆ ತಿಳೀತದ.

ಹಳೇ ಕಾಲದಾಗ ಎಲ್ಲ ಚಲೋ ಇತ್ತು ಅಂತ ನಾ ಹೇಳಾವಲ್ಲ. ನಮ್ಮ ಹಿರಿಯರ ಹತ್ತಿರವೂ ಒಂದು ಸೆಟ್ಟು ಇತ್ತು: ಎಲೆಯಡಿಕೆ ಚಂಚಿ. ಅದರಾಗ ಎಲಿ, ಅಡಿಕಿ, ಅಡಕೊತ್ತು, ಸುಣ್ಣದ ಡಬ್ಬಿ, ತಂಬಾಕು. ಕೊಯ್ಯುವ ವಸ್ತುವೂ ಅಲ್ಲೇ, ತಂಬಾಕೂ ಅಲ್ಲೇ. ಕಟ್ಟಿ ಮೇಲೆ ಕುಂತಾಗ ಚಂಚಿ ಬಿಚ್ಚಿದರ ಮಾತು ಬಿಚ್ಚುತ್ತಿತ್ತು. ಆದರ ಅದೇ ಚಂಚಿಯಿಂದ ಕೆಲವರಿಗೆ ಕೈಗೆ ಕೈ ತಾಕಿಸಿ ಕೊಡುತ್ತಿದ್ದರು, ಕೆಲವರಿಗೆ ಮೇಲಿಂದ ಹಾಕುತ್ತಿದ್ದರು. ಕೊಟ್ಟದ್ದು ಅದೇ ಚಿಟಿಕೆ ತಂಬಾಕು, ಕೊಟ್ಟ ರೀತಿಯೊಳಗ ಅವಮಾನ ಇತ್ತು. ಕೊಡೋ ವಸ್ತು ಹೆಂಗಾದರೂ ಇರಲಿ, ಕೊಡೋ ಮನಸ್ಸು ಒಂದೇ ಸಾಕು ಅನ್ನುವವರು ಇದನ್ನ ನೆನಪು ಇಡಬೇಕು. ಹಂಗೇ ಮನಸ್ಸು ಒಳ್ಳೇದಿದ್ದರ ವಸ್ತು ಎಂಥದಾದರೂ ನಡೀತದ ಅನ್ನೋದೂ ತಪ್ಪು. ಎರಡನ್ನೂ ತೂಗಬೇಕು.

ಇಲ್ಲಿ ಹುಡುಗರು ಒಂದು ಪ್ರಶ್ನೆ ಎತ್ತತಾರ. ಅದು ಗಟ್ಟಿ ಪ್ರಶ್ನೆ: "ಕಾಕಾ, ಬರೇ ಉಪಯೋಗ ನೋಡಿ ಕೊಟ್ಟರ ಅದು ಸಾಮಾನು ಆತು, ಉಡುಗೊರೆ ಎಲ್ಲಿ ಆತು? ಹೂವಿನ ಹಾರ ಏನು ಉಪಯೋಗ? ಸಂಜೀಕ ಬಾಡತದಲ್ಲ?" ಖರೆ. ಉಪಯೋಗ ಇಲ್ಲದ್ದನ್ನೂ ಕೊಡಬಹುದು. ಆದರ ಹಾರ ಸುಳ್ಳು ಹೇಳೋದಿಲ್ಲ. ನಾನು ಹೂವು, ಇವತ್ತು ಇರತೇನಿ, ನಾಳೆ ಇರೋದಿಲ್ಲ ಅಂತ ಅದು ಮೊದಲೇ ಹೇಳಿರತದ. ಈ ಪೆಟ್ಟಿಗೆ ಹಂಗಲ್ಲ. ಕೊಯ್ಯದ ಚಾಕು ನಾನು ಚಾಕು ಅಂತದ. ಸೇದಬಾರದ ಸಿಗಾರ ನಾನು ಸುಖ ಅಂತದ. ಉಪಯೋಗ ಇಲ್ಲದ್ದು ಬ್ಯಾರೆ, ಉಪಯೋಗದ ಸೋಗು ಹಾಕಿದ್ದು ಬ್ಯಾರೆ. ಸೋಗನ್ನು ಬಯಲಾಟದಾಗ ಹಾಕಬೇಕು, ಬೆಳಗಾಗೂದರಾಗ ಬಣ್ಣ ತೊಳೀಬೇಕು.

ಇನ್ನೊಂದು ಮಾತು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಆಗತದ, ನೆಲದ ಮೇಲೆ ಇಟ್ಟು ತೊಗೋ ಅನ್ನಬೇಕು ಅಂತ ನಮ್ಮ ಅವ್ವಗಳು ಹೇಳುತ್ತಿದ್ದರು. ಇಂಗ್ಲೆಂಡಿನ ಕಡೆ ಚಾಕು ಉಡುಗೊರೆ ಬಂದರ ಕೊಟ್ಟವರಿಗೆ ಒಂದು ಸಣ್ಣ ನಾಣ್ಯ ತಿರುಗಿ ಕೊಡತಾರಂತ, ಸಂಬಂಧ ಕಡೀಬಾರದು ಅಂತ. ಎರಡೂ ಕಡೆ ಮೂಢನಂಬಿಕೆ ಅಂತ ನಗಬಹುದು. ನನಗ ಅದರೊಳಗ ಒಂದು ವಿವೇಕ ಕಾಣತದ. ಹರಿತ ವಸ್ತು ಕೊಡುವಾಗ ಒಂದು ಗಳಿಗೆ ನಿಲ್ಲು, ತೊಗೊಳ್ಳುವವನು ತನ್ನ ಇಚ್ಛೆಯಿಂದ ಎತ್ತಿಕೊಳ್ಳಲಿ. ಆ ನಿಲ್ಲುವ ಗಳಿಗೆಯೇ ಮೊಳ ಹಾಕುವ ಗಳಿಗೆ.

ಹಂಗಾದರ ಕೊಡುವವನು ಏನು ಅಳೀಬೇಕು? ಮೊದಲನೇದು, ಇದು ಆ ಮನುಷ್ಯನಿಗೆ ಅಂತ ಆರಿಸಿದ್ದೋ, ಗಂಡಸು ಅಂತ ಇರುವ ಯಾರಿಗಾದರೂ ನಡೆಯುವಂಥದ್ದೋ? ಎರಡನೇದು, ನಾನು ಕೊಟ್ಟು ಹೋದ ಮೇಲೆ ಇದರ ಖರ್ಚು ಯಾರ ಮೈಮೇಲೆ, ಯಾರ ಮಕ್ಕಳ ಮೇಲೆ ಬೀಳತದ? ಮೂರನೇದು, ಇದು ತಾನು ಹೇಳಿಕೊಂಡ ಕೆಲಸ ಮಾಡತದೋ ಇಲ್ಲೋ? ಈ ಮೂರು ಮೊಳಕ್ಕ ಆ ಪೆಟ್ಟಿಗೆ ಸಾಲೋದಿಲ್ಲ. ಅದಕ್ಕ ನನ್ನ ತೀರ್ಪು: ಸೆಟ್ಟು ಬ್ಯಾಡ. ಮಾವ ದ್ರಾಕ್ಷಿ ತೋಟದವನಾದರ ಒಂದು ಒಳ್ಳೇ ಚಾಟಣಿ ಕತ್ತರಿ ಕೊಡ್ರಿ. ಕಾಯಿಪಲ್ಯ, ಹಣ್ಣು ಕೊಯ್ಯುವವನಾದರ ಕಂಬಾರನ ಕೈಯಿಂದ ಒಂದು ಚಾಕು ಮಾಡಿಸ್ರಿ. ಥಂಡಿಗೆ ಸೊಲ್ಲಾಪುರದ ಚಾದರ ಅದ. ಏನೂ ತಿಳೀಲಿಲ್ಲ ಅಂದರ ಒಂದು ಹಾರ ಹಾಕಿ, ಪಕ್ಕದಾಗ ಒಂದು ತಾಸು ಕುಂತು ಅವನ ಮಾತು ಕೇಳ್ರಿ.

ಇಷ್ಟೆಲ್ಲ ಆದಮ್ಯಾಗೂ ಯಾರಾದರೂ ಪ್ರೀತಿಯಿಂದ ಆ ಪೆಟ್ಟಿಗೆ ತಂದು ಮಾವನ ಕೈಯಾಗ ಇಟ್ಟರು ಅನ್ರಿ. ಆಗ ಮಾವ ನಮ್ಮ ಹಳೇ ಗಾದೆ ಪಾಲಿಸಬೇಕು. ತಂದವನ ಮುಂದ ಚಾಕುವಿನ ಬಾಯಿ ನೋಡಬಾರದು, ಬೆಲೆ ಕೇಳಬಾರದು. ಚಲೋ ಆತು ಮಗಾ, ನೆನಪಿಟ್ಟು ಬಂದೆಲ್ಲ ಅಂತ ಅನ್ನಬೇಕು. ಅದು ಸುಳ್ಳಲ್ಲ. ಅವ ಮೆಚ್ಚಿದ್ದು ಪೆಟ್ಟಿಗೆಯನ್ನಲ್ಲ, ಬಂದವನನ್ನು. ಸಿಗಾರವನ್ನು ಆಮೇಲೆ ಕುರುಳು ಹಾಕೋ ಒಲಿಗೆ ಹಾಕಲಿ, ಹುಡುಗನ ಕೈಗೆ ಮಾತ್ರ ಸಿಗಬಾರದು. ಕೊಡುವವನು ಕೊಡೋದಕ್ಕಿಂತ ಮೊದಲು ಮೊಳ ಹಾಕಲಿ. ತೊಗೊಂಡವನು ತೊಗೊಂಡ ಮೇಲೆ ಮೊಳ ಮರೀಲಿ.